ಕಿದ್ವಾಯಿ ನಗರದ ಒಂದು ಗೃಹವಿದ್ಯೆ

ದಕ್ಷಿಣ ದೆಹಲಿಯಲ್ಲಿ, ಐ.ಎನ್.ಎ. ಮಾರುಕಟ್ಟೆಯ ಮಗ್ಗುಲಿನಿಂದ ಮೊದಲಾಗಿ ಕೋಟ್ಲಾ ಮುಬಾರಕ್‌ಪುರದ ಪುರಾತನ ಗ್ರಾಮದ ದಿಕ್ಕಿಗೆ ಚಾಚಿಕೊಂಡು, ತೆಂಕಣ ಅಂಚಿನಲ್ಲಿ ರಿಂಗ್ ರಸ್ತೆಯನ್ನು ಎಲ್ಲೆಯಾಗಿ ಉಳ್ಳ ಕಿದ್ವಾಯಿ ನಗರವು, ಸ್ವಾತಂತ್ರ್ಯಾನಂತರದ ಮೊದಲ ದಶಕದಲ್ಲಿ ಕೇಂದ್ರ ಸರ್ಕಾರದ ನೌಕರರ ವಸತಿಗೆಂದು ನಿರ್ಮಿತವಾದ ಬಡಾವಣೆ. ಅದರ ಪೂರ್ವಭಾಗದಲ್ಲಿ ಲೋದಿ ಅರಸರ ಕಾಲದ ದರಿಯಾ ಖಾನನ ಸಮಾಧಿಯು ವಿಶಾಲವಾದ ಜಗತಿಯೊಂದರ ಮೇಲೆ ನಿಂತಿದೆ. ಗತಕಾಲವನ್ನು ಅರಸಿ ಬಂದ ಯಾತ್ರಿಕರು ಆ ಜಗತಿಯನ್ನು ಒಮ್ಮೆ ಸುತ್ತಿ ನೋಡಿ ಹಿಂದಿರುಗುತ್ತಾರೆ. ಆ ಸಮಾಧಿಯ ಸುತ್ತಮುತ್ತ ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಬಾಳಿದ ಗುಮಾಸ್ತರು, ಶೀಘ್ರಲಿಪಿಕಾರರು, ಲೆಕ್ಕಪತ್ರ ಶಾಖೆಯ ಅಧಿಕಾರಿಗಳು ತಮ್ಮ ಮನೆಯ ಮುಂದಣ ಬೇವಿನ ನೆರಳಿನಲ್ಲಿ ಬೆಳೆಸಿಕೊಂಡಿದ್ದ ಒಂದು ವಿದ್ಯೆಗಾದರೋ ಶಾಸನವೂ ಇಲ್ಲ, ಸ್ಮಾರಕವೂ ಇಲ್ಲ. ಹಳೆಯ ಮೋಟಾರು ಕಾರಿನ ಹೆಡ್ ಗ್ಯಾಸ್ಕೆಟ್ ಹೋದಾಗ, ಎಂಜಿನ್ನಿನ ತಲೆಯನ್ನು ಅಂಗಳದಲ್ಲಿಯೇ ಬಿಚ್ಚಿ, ಶುದ್ಧಿಮಾಡಿ, ಹೊಸ ಗ್ಯಾಸ್ಕೆಟ್ಟನ್ನು ಕೂಡಿಸಿ, ಸೋಮವಾರ ಬೆಳಿಗ್ಗೆ ಕಚೇರಿಗೆ ಅದೇ ಕಾರಿನಲ್ಲಿ ಹೋಗುವ ವಿದ್ಯೆ ಅದು. ಅದರ ಚರಿತ್ರೆಯನ್ನು ಬರೆದಿಡುವುದು ಅವಶ್ಯವೆಂದು ನಾನು ಬಗೆಯುತ್ತೇನೆ. ಏಕೆಂದರೆ ದೇಶದ ಆರ್ಥಿಕ ನೀತಿ, ಲೋಹಗಳ ಸ್ವಭಾವ, ವಿಭಜನೆಯಲ್ಲಿ ನೆಲೆ ಕಳೆದುಕೊಂಡು ಬಂದವರ ಶ್ರಮ, ದಕ್ಷಿಣದಿಂದ ಹೋದ ಲೇಖನಿಜೀವಿಗಳ ಮನಃಪರಿವರ್ತನೆ, ಇವೆಲ್ಲವೂ ಮೊಳದುದ್ದದ ಒಂದು ತಾಮ್ರದ ಹಾಳೆಯಲ್ಲಿ ಸಂಧಿಸುವ ಪ್ರಸಂಗ ಬೇರೆಲ್ಲಿಯೂ ಅಷ್ಟು ಸ್ಪಷ್ಟವಾಗಿ ಕಾಣಸಿಗಲಾರದು.

ಬಡಾವಣೆಗೆ ಹೆಸರು ಬಂದುದು ರಫಿ ಅಹಮದ್ ಕಿದ್ವಾಯಿ ಅವರಿಂದ. 1894ರಲ್ಲಿ ಬಾರಾಬಂಕಿ ಜಿಲ್ಲೆಯಲ್ಲಿ ಜನಿಸಿ, ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರಾಗಿ, ಆಮೇಲೆ ಆಹಾರ ಮತ್ತು ಕೃಷಿ ಸಚಿವರಾಗಿ, 1954ರ ಅಕ್ಟೋಬರಿನಲ್ಲಿ ಅಧಿಕಾರದಲ್ಲಿರುವಾಗಲೇ ಕಾಲವಾದ ಈ ಮಹನೀಯರನ್ನು ಜನ ಮುಖ್ಯವಾಗಿ ನೆನೆಯುವುದು, ಯುದ್ಧಕಾಲದಿಂದ ಹಿಡಿದು ಬಂದಿದ್ದ ಧಾನ್ಯದ ನಿಯಂತ್ರಣವನ್ನು ಧೈರ್ಯದಿಂದ ಸಡಿಲಿಸಿದರೆಂಬ ಕಾರಣಕ್ಕಾಗಿ. ಧಾನ್ಯಕ್ಕೆ ದೊರೆತ ಬಿಡುಗಡೆ ಮೋಟಾರು ಕಾರಿಗೆ ದೊರೆಯಲಿಲ್ಲ. ವಿದೇಶೀ ವಿನಿಮಯದ ಅಭಾವದಿಂದ ಸರ್ಕಾರವು ಪೂರ್ಣಸಿದ್ಧವಾದ ಕಾರುಗಳ ಆಮದನ್ನು 1949ರಲ್ಲಿ ತಡೆಯಿತು. 1953ರಲ್ಲಿ ಸುಂಕ ಆಯೋಗದ ಸಲಹೆಯ ಮೇರೆಗೆ, ದೇಶದೊಳಗೆ ಬಿಡಿಭಾಗಗಳನ್ನು ಕ್ರಮೇಣ ತಾವೇ ತಯಾರಿಸುವ ಯೋಜನೆಯಿದ್ದ ಕಂಪನಿಗಳಿಗೆ ಮಾತ್ರ ಅವಕಾಶವೆಂದು ನಿರ್ಣಯವಾದಾಗ, ಮುಂಬಯಿಯಲ್ಲಿ ಕಾರುಗಳನ್ನು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಎರಡೂ ಕದ ಮುಚ್ಚಿ ಹೊರಟುಹೋದವು. ಉಳಿದವು ಮುಖ್ಯವಾಗಿ ಮೂರು: ಕಲ್ಕತ್ತೆಯ ಬಳಿ ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸ್, ಮುಂಬಯಿಯ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್, ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ಸ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ 1957ರಲ್ಲಿ ಅಂಬಾಸಡರ್ ಎಂಬ ನಾಮಧೇಯವನ್ನು ತಳೆದು ಉತ್ತರಪಾರಾದಿಂದ ಹೊರಬಂದಿತು. ಇಟಲಿಯ ಫಿಯಟ್ 1100 ಕುರ್ಲಾದಲ್ಲಿ ರೂಪುಗೊಂಡು, ಮುಂದೆ ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎನಿಸಿತು. ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಿಂದ ಮದರಾಸಿನಲ್ಲಿ ತಯಾರಾಯಿತು.

ಇಲ್ಲಿ ಕನ್ನಡಿಗನ ಮನಸ್ಸು ಅನಿವಾರ್ಯವಾಗಿ ಮೈಸೂರಿನ ದಿವಾನರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಕಡೆಗೆ ತಿರುಗುತ್ತದೆ. ಭಾರತದಲ್ಲಿ ಮೋಟಾರು ಕಾರ್ಖಾನೆಯೊಂದು ಸ್ಥಾಪಿತವಾಗಬೇಕೆಂಬ ಸಂಕಲ್ಪದಿಂದ ಅವರು 1935ರಲ್ಲಿ, ಎಪ್ಪತ್ತೈದರ ಸಮೀಪದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳನ್ನು ಸಂಚರಿಸಿ, ಅಲ್ಲಿನ ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ವಿವರವಾದ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಆ ಯೋಜನೆಯನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನವೂ ಒಲವು ತೋರಿತು. ಆದರೆ ಆಗಿನ ಭಾರತ ಸರ್ಕಾರದ ಅಸಹಕಾರದಿಂದ ಆ ಕಾರ್ಖಾನೆ ಕನ್ನಡನಾಡಿಗೆ ಬರಲಿಲ್ಲ. ಅದೇ ವಾಲ್‌ಚಂದರು 1940ರಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಆರಂಭಿಸಿದರು. ಮೋಟಾರಿನ ಪ್ರೀಮಿಯರ್ ಕಂಪನಿ 1944ರಲ್ಲಿ ಮುಂಬಯಿಯ ಪಾಲಾಯಿತು. ಕಿದ್ವಾಯಿ ನಗರದ ಕನ್ನಡ ಗೃಹಸ್ಥನೊಬ್ಬನು ತನ್ನ ಫಿಯಟ್ಟಿನ ಮುಸುಕನ್ನು ಎತ್ತಿ ಕೈಯನ್ನು ಎಣ್ಣೆಯಲ್ಲಿ ಅದ್ದಿದಾಗ, ಅವನಿಗೆ ಅರಿವಿದ್ದರೂ ಇಲ್ಲದಿದ್ದರೂ, ಮೈಸೂರಿನ ಆ ದಿವಾನರ ಅಪೂರ್ಣ ಸಂಕಲ್ಪದ ಒಂದು ಕವಲನ್ನೇ ಅವನು ಮುಟ್ಟುತ್ತಿದ್ದನೆನ್ನಬೇಕು.

ಕಾರುಗಳು ಅಲ್ಪ, ಬೇಡಿಕೆ ಅಪಾರ. 1959ರಲ್ಲಿ ಹಂಚಿಕೆ ಮಾರಾಟಗಳ ಮೇಲೆ ನಿಯಂತ್ರಣಾಜ್ಞೆ ಬಂದಿತು. ಹೊಸ ಫಿಯಟ್ಟಿಗೆ ಹಣ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಾಯಿತು. ಸರ್ಕಾರಿ ನೌಕರನಿಗೆ ಮೋಟಾರು ಕಾರ್ ಮುಂಗಡವೆಂಬ ಸಾಲದ ಅನುಕೂಲವೇನೋ ಇದ್ದಿತು, ಆದರೆ ಆ ಹಣಕ್ಕೆ ಒದಗುತ್ತಿದ್ದುದು ಬಹುಧಾ ಹಿಂದಿನ ಯಾರೋ ಸವೆಸಿದ ಕಾರು: ವರ್ಗವಾಗಿ ಹೋಗುವ ಅಧಿಕಾರಿಯ ಹಳೆಯ ಲ್ಯಾಂಡ್‌ಮಾಸ್ಟರ್, ಮರಿ ಹಿಂದುಸ್ತಾನ್, ಇಲ್ಲವೆ ರಾಯಭಾರ ಕಚೇರಿಯವರು ಬಿಟ್ಟುಹೋಗಿ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಮೂಲಕ ಮಾರಾಟವಾದ ವಿದೇಶೀ ಕಾರು. ಈ ಕಾರನ್ನು ಎಸೆದು ಮತ್ತೊಂದನ್ನು ಕೊಳ್ಳುವ ಮಾತೇ ಇಲ್ಲದಿದ್ದುದರಿಂದ, ಅದು ಕೆಟ್ಟರೆ ಸರಿಪಡಿಸುವುದೊಂದೇ ಗತಿ. ಸರಿಪಡಿಸುವ ಕೂಲಿ ತಿಂಗಳ ಸಂಬಳವನ್ನು ನುಂಗುವಂತಿದ್ದುದರಿಂದ, ತನ್ನ ಕೈಯಿಂದಲೇ ಸರಿಪಡಿಸುವುದು ಅನೇಕರಿಗೆ ಉಳಿದ ಮಾರ್ಗ. ಈ ವಿದ್ಯೆಯ ಜನನಕ್ಕೆ ಹವ್ಯಾಸಕ್ಕಿಂತ ಮುಂಚೆ ಅಭಾವವೇ ಕಾರಣವಾಯಿತೆಂಬುದನ್ನು ಮರೆಯಬಾರದು.

ಇನ್ನು ಗ್ಯಾಸ್ಕೆಟ್ ಎಂಬ ವಸ್ತುವಿನ ವಿಚಾರ. ಆದಿಕಾಲದ ಅನೇಕ ಎಂಜಿನ್ನುಗಳಲ್ಲಿ ಸಿಲಿಂಡರೂ ಅದರ ತಲೆಯೂ ಒಂದೇ ಎರಕವಾಗಿದ್ದುದರಿಂದ ಅವುಗಳ ನಡುವೆ ಸಂಧಿಯೇ ಇರಲಿಲ್ಲ. ಒಳಗಣ ಇದ್ದಿಲಿನ ಕಿಟ್ಟವನ್ನು ತೆಗೆಯುವುದು ಮಹಾಪ್ರಯಾಸದ ಕಾರ್ಯವಾಗಿತ್ತು. 1908ರಲ್ಲಿ ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು ನಾಲ್ಕೂ ಸಿಲಿಂಡರುಗಳನ್ನು ಒಂದೇ ಎರಕದಲ್ಲಿಟ್ಟು, ತಲೆಯನ್ನು ಬೋಲ್ಟುಗಳಿಂದ ಬಿಗಿದು ಬಿಚ್ಚುವಂತೆ ಬೇರ್ಪಡಿಸಿದಾಗ, ಸಾಮಾನ್ಯ ರೈತನೂ ತನ್ನ ಎಂಜಿನ್ನಿನ ಅಂತರಂಗವನ್ನು ಕಾಣುವಂತಾಯಿತು. ಅದರೊಡನೆ ಆ ಎರಡು ಲೋಹಮುಖಗಳ ನಡುವಣ ಸಂಧಿಯನ್ನು ಮುಚ್ಚುವ ಸಮಸ್ಯೆಯೂ ಮನೆಮನೆಗೆ ಬಂದಿತು. ಪ್ರೆಷರ್ ಕುಕ್ಕರಿನ ಮುಚ್ಚಳದೊಳಗಿನ ರಬ್ಬರು ಬಳೆ ಹಬೆಯನ್ನು ಹೇಗೆ ಹಿಡಿದಿಡುತ್ತದೆಯೋ ಹಾಗೆ ಈ ಗ್ಯಾಸ್ಕೆಟ್ಟು ದಹನದ ಒತ್ತಡವನ್ನು ಹಿಡಿಯಬೇಕು. ಆದರೆ ಇದರ ಹೊಣೆ ಅದಕ್ಕಿಂತ ಬಹು ಕಠಿನ. ಸಿಲಿಂಡರಿನೊಳಗೆ ಕ್ಷಣಮಾತ್ರ ಎರಡು ಸಾವಿರ ಡಿಗ್ರಿ ಸೆಂಟಿಗ್ರೇಡನ್ನು ಮೀರುವ ಉರಿ, ಅದಕ್ಕೆ ಬೆರಳಗಲ ದೂರದ ರಂಧ್ರದಲ್ಲಿ ತಣಿಸುವ ನೀರು, ಇನ್ನೊಂದು ರಂಧ್ರದಲ್ಲಿ ಕೀಲೆಣ್ಣೆ. ಈ ಮೂರೂ ಒಂದನ್ನೊಂದು ಬೆರೆಯದಂತೆ ಒಂದೇ ಹಾಳೆ ಕಾಯಬೇಕು. ಅಂದಿನ ಹಾಳೆಯೆಂದರೆ ಎರಡು ತೆಳು ತಾಮ್ರದ ತಗಡುಗಳ ನಡುವೆ ಅಸ್ಬೆಸ್ಟಾಸನ್ನು ಇಟ್ಟು ಅಂಚು ಮಡಿಸಿದ್ದು. ತಾಮ್ರವು ಮೃದುವಾದುದರಿಂದ ಲೋಹಮುಖದ ಸಣ್ಣ ಏರುತಗ್ಗುಗಳಿಗೆ ಹೊಂದಿಕೊಳ್ಳುತ್ತದೆ. ಅಸ್ಬೆಸ್ಟಾಸು ಉರಿಗೆ ಅಳುಕುವುದಿಲ್ಲ.

ಈ ಹಾಳೆ ಏಕೆ ಹರಿಯುತ್ತಿತ್ತೆಂಬುದನ್ನು ದೆಹಲಿಯ ವಾತಾವರಣವೇ ವಿವರಿಸುತ್ತದೆ. ಮೇ ಜೂನ್ ತಿಂಗಳುಗಳಲ್ಲಿ ನೆರಳಿನಲ್ಲಿಯೂ 45 ಡಿಗ್ರಿಯನ್ನು ಮುಟ್ಟುವ ಸೆಕೆ, ಲೂ ಎಂಬ ಬಿಸಿಗಾಳಿ ಹೊತ್ತು ತರುವ ಧೂಳು, ರೇಡಿಯೇಟರಿನ ಸೂಕ್ಷ್ಮ ನಾಳಗಳಲ್ಲಿ ಸುಣ್ಣದ ಪದರವನ್ನು ಬೆಳೆಸುವ ಗಡಸು ನೀರು, ಇವು ಎಂಜಿನ್ನಿನ ತಣಿಸುವ ವ್ಯವಸ್ಥೆಯನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತಿದ್ದವು. ಅದರ ಮೇಲೆ, ಬೇಸಿಗೆಯ ರಜೆಯಲ್ಲಿ ಸಂಸಾರವನ್ನೂ ಹಾಸಿಗೆಯ ಸುರುಳಿಯನ್ನೂ ಏರಿಸಿಕೊಂಡು ಮಸ್ಸೂರಿಗೋ ಸಿಮ್ಲೆಗೋ ಹೊರಟ ಕಾರು ಘಾಟಿಯನ್ನು ಹತ್ತುವಾಗ ಕುದಿದರೆ, ಅವಸರದ ಚಾಲಕನು ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ, ತಲೆಯ ಎರಕ ಬಾಗುವುದು ನಿಶ್ಚಿತ. ಅಂಬಾಸಡರಿನ 1489 ಸಿ.ಸಿ. ಎಂಜಿನ್ನಿನಲ್ಲಿ ಬ್ಲಾಕೂ ತಲೆಯೂ ಎರಡೂ ಬೀಡುಕಬ್ಬಿಣವಾದುದರಿಂದ ಎರಡೂ ಸಮನಾಗಿ ಹಿಗ್ಗಿ ಸಮನಾಗಿ ಕುಗ್ಗುತ್ತಿದ್ದವು. ಫಿಯಟ್ಟಿನ 1089 ಸಿ.ಸಿ. ಎಂಜಿನ್ನಿನಲ್ಲಾದರೋ ಬೀಡಿನ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ತಲೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಇಮ್ಮಡಿ ಹಿಗ್ಗುವ ಲೋಹ. ಪ್ರತಿ ಸಲ ಕಾದು ತಣಿದಾಗಲೂ ಈ ಎರಡರ ನಡುವೆ ಗ್ಯಾಸ್ಕೆಟ್ಟು ಸವೆಯುತ್ತಲೇ ಇತ್ತು. ಫಿಯಟ್ಟಿನ ಒಡೆಯನು ಉಷ್ಣಮಾಪಕದ ಮುಳ್ಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದುದಕ್ಕೂ ಅಂಬಾಸಡರಿನವನು ಅಷ್ಟೊಂದು ಚಿಂತಿಸದಿದ್ದುದಕ್ಕೂ ಕಾರಣ ಇಲ್ಲಿದೆ.

ವ್ಯಾಧಿಯ ಲಕ್ಷಣಗಳನ್ನು ಬಡಾವಣೆಯ ಅನುಭವಸ್ಥರು ದೂರದಿಂದಲೇ ಗುರುತಿಸುತ್ತಿದ್ದರು. ಸೈಲೆನ್ಸರಿನಿಂದ ಬಿಳಿಯ ಹಬೆ ಬಿಡದೆ ಬರುತ್ತಿದ್ದರೆ ನೀರು ಸಿಲಿಂಡರಿಗೆ ಇಳಿದಿದೆ. ರೇಡಿಯೇಟರಿನ ಮುಚ್ಚಳ ತೆಗೆದಾಗ ನೀರಿನಲ್ಲಿ ಗುಳ್ಳೆಗಳು ಏಳುತ್ತಿದ್ದರೆ ದಹನದ ಅನಿಲ ನೀರಿಗೆ ನುಗ್ಗಿದೆ. ಎಣ್ಣೆಯ ಅಳತೆಕಡ್ಡಿಗೆ ಹಾಲುಬೆರೆತ ಕಾಫಿಯ ಬಣ್ಣದ ನೊರೆ ಅಂಟಿದ್ದರೆ ಎಣ್ಣೆಗೆ ನೀರು ಸೇರಿದೆ. ನೆರೆಯ ಎರಡು ಸಿಲಿಂಡರುಗಳು ಒಟ್ಟಿಗೇ ಸೋತಿದ್ದರೆ ಅವುಗಳ ನಡುವಣ ಸಪೂರವಾದ ಸೇತುವೆಯೇ ಸುಟ್ಟುಹೋಗಿದೆ. ಈ ನಿದಾನಕ್ಕೆ ಯಂತ್ರಗಳು ಬೇಕಾಗಿರಲಿಲ್ಲ.

ಕೆಲಸಕ್ಕೆ ತಕ್ಕ ಕಾಲ ಚಳಿಗಾಲ. 1985ರಲ್ಲಿ ಕೇಂದ್ರ ಸರ್ಕಾರದ ಕಚೇರಿಗಳಿಗೆ ವಾರಕ್ಕೆ ಐದು ದಿನಗಳ ಕ್ರಮ ಬರುವ ಮುನ್ನ, ಎರಡನೆಯ ಶನಿವಾರವೂ ಅದಕ್ಕೆ ಕೂಡಿದ ಭಾನುವಾರವೂ ಸೇರಿದಾಗ ಮಾತ್ರ ಎರಡು ಪೂರ್ಣ ದಿನಗಳು ದೊರೆಯುತ್ತಿದ್ದವು. ಆದುದರಿಂದ ಇಂಥ ದೊಡ್ಡ ಕೆಲಸಗಳೆಲ್ಲ ಆ ಶನಿವಾರಕ್ಕೆ ಕಾದಿರುತ್ತಿದ್ದವು. ಎಂಜಿನ್ನು ಸಂಪೂರ್ಣ ತಣಿದ ಮೇಲೆಯೇ ತಲೆಯನ್ನು ಬಿಚ್ಚಬೇಕೆಂಬುದು ಮೊದಲ ನಿಯಮ, ಬಿಸಿಯಿರುವಾಗ ನಟ್ಟು ಸಡಿಲಿಸಿದರೆ ತಲೆ ಬಾಗುವುದರಿಂದ. ನೀರನ್ನು ಇಳಿಸಿ, ಬ್ಯಾಟರಿಯ ತಂತಿ ಕಳಚಿ, ಕಾರ್ಬುರೇಟರನ್ನೂ ಮ್ಯಾನಿಫೋಲ್ಡನ್ನೂ ಬೇರ್ಪಡಿಸಿ, ರಾಕರ್ ಕವಚವನ್ನು ತೆಗೆದ ಮೇಲೆ ವಾಲ್ವುಗಳನ್ನು ತೆರೆಸುವ ಪುಷ್‌ರಾಡುಗಳ ಸರದಿ ಬರುತ್ತದೆ. ಈ ಕಡ್ಡಿಗಳು ತಮ್ಮ ತಮ್ಮ ಜಾಗಗಳಲ್ಲಿಯೇ ಸವೆದು ಹೊಂದಿಕೊಂಡಿರುವುದರಿಂದ ಅದಲುಬದಲಾಗಬಾರದು. ಅದಕ್ಕಾಗಿ ಪಾದರಕ್ಷೆಯ ರಟ್ಟಿನ ಪೆಟ್ಟಿಗೆಯ ಮುಚ್ಚಳಕ್ಕೆ ಎಂಟು ತೂತು ಕೊರೆದು, ಒಂದರಿಂದ ಎಂಟರವರೆಗೆ ಅಂಕೆ ಬರೆದು, ಕ್ರಮವಾಗಿ ನೆಡುತ್ತಿದ್ದರು. ಅಂಕೆ ಬರೆಯುವ ಅಧಿಕಾರ ಸಾಮಾನ್ಯವಾಗಿ ಮನೆಯ ಮಗುವಿಗೆ ಸಲ್ಲುತ್ತಿತ್ತು. ತಲೆಯ ನಟ್ಟುಗಳನ್ನು ಹೊರಗಿನಿಂದ ಒಳಕ್ಕೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬಂದರೂ, ಎಷ್ಟೋ ವರ್ಷಗಳ ಅಂಟಿನಿಂದ ತಲೆ ಮೇಲೇಳಲು ಒಪ್ಪುತ್ತಿರಲಿಲ್ಲ. ಅವಿವೇಕಿಯು ಸಂಧಿಯಲ್ಲಿ ಸ್ಕ್ರೂಡ್ರೈವರ್ ತುರುಕಿ ಮೀಟಿ ಲೋಹಮುಖವನ್ನು ಗಾಯಗೊಳಿಸುತ್ತಾನೆ. ಬಲ್ಲವನು ನಟ್ಟುಗಳು ಸಡಿಲವಾಗಿರುವಾಗಲೇ ಸ್ಪಾರ್ಕ್ ಪ್ಲಗ್ಗುಗಳನ್ನು ಮರಳಿ ಹಾಕಿ, ಮುಂಭಾಗದ ಹ್ಯಾಂಡಲಿನಿಂದ ಎಂಜಿನ್ನನ್ನು ತಿರುಗಿಸಿ, ಒಳಗೆ ಒತ್ತಿದ ಗಾಳಿಯೇ ತಲೆಯನ್ನು ಎಬ್ಬಿಸುವಂತೆ ಮಾಡುತ್ತಾನೆ. ಎಂಜಿನ್ನಿನ ಬಲದಿಂದಲೇ ಎಂಜಿನ್ನನ್ನು ಬಿಡಿಸುವ ಈ ಉಪಾಯವನ್ನು ಮೊದಲ ಬಾರಿಗೆ ಕಂಡವನಿಗಾಗುವ ಆನಂದ ಸಾಮಾನ್ಯವಾದುದಲ್ಲ.

ಬೀಡಿನ ತಲೆಯನ್ನು ಎತ್ತಲು ಎರಡು ಜೊತೆ ತೋಳುಗಳು ಬೇಕು, ಆಗ ನೆರೆಮನೆಯವರು ಒದಗುತ್ತಿದ್ದರು. ಒಬ್ಬರು ಬಂಗಾಳಿ, ಇನ್ನೊಬ್ಬರು ಗಢವಾಲಿ, ಮತ್ತೊಬ್ಬರು ತಮಿಳರು. ಸಚಿವಾಲಯದ ಪದವಿಯ ತಾರತಮ್ಯ ಆ ಹೊತ್ತಿಗೆ ಬದಿಗಿರುತ್ತಿತ್ತು. ಹೊರಬಂದ ತಲೆಯನ್ನು ಚಾರ್‌ಪಾಯಿಯ ಮೇಲೆ ಹಾಸಿದ ಗೋಣಿಯಲ್ಲಿ ಮಲಗಿಸಿ, ಅಡುಗೆಮನೆಯಿಂದ ನಿವೃತ್ತಿ ಹೊಂದಿದ ಮೊಂಡು ಚಾಕುವಿನಿಂದ ಕಿಟ್ಟವನ್ನು ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ವಾಲ್ವುಗಳನ್ನು ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಅಂಗೈಗಳ ನಡುವೆ ಕಡ್ಡಿಯನ್ನು ಮಥಿಸಿ ಕೂಡಿಸುವುದರಲ್ಲಿ ಶನಿವಾರದ ಅಪರಾಹ್ನ ಕಳೆಯುತ್ತಿತ್ತು. ಈ ಭಾಗವನ್ನು ಎಷ್ಟು ವಿವರವಾಗಿ ಹೇಳಿದರೂ ನನಗೆ ತೃಪ್ತಿಯಾಗದು. ವಾಲ್ವು ತನ್ನ ಪೀಠದಲ್ಲಿ ಸರಿಯಾಗಿ ಕೂತಿತೆಂಬುದಕ್ಕೆ ಸಾಕ್ಷಿಯಾಗಿ ಅದರ ಸುತ್ತ ಬೂದು ಬಣ್ಣದ ಒಂದೇ ಸಮನಾದ ಉಂಗುರ ಮೂಡಿಬರುವುದನ್ನು ಕಾಯುವ ತಾಳ್ಮೆ, ಯಾವ ಶಾಸ್ತ್ರಾಧ್ಯಯನದ ತಾಳ್ಮೆಗೂ ಕಡಿಮೆಯದಲ್ಲ.

ಅನಂತರ ಪರೀಕ್ಷೆ. ನೆಟ್ಟಗಿನ ಉಕ್ಕಿನ ಪಟ್ಟಿಯನ್ನು ತಲೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಕೆಳಗೆ ಫೀಲರ್ ಗೇಜಿನ ಎಲೆ ತೂರುತ್ತದೆಯೋ ಎಂದು ನೋಡಬೇಕು. ಅಂಗುಲದ ಸಾವಿರದ ಕೆಲವೇ ಭಾಗಗಳಷ್ಟು ಬಾಗಿದ್ದರೆ, ದಪ್ಪ ಗಾಜಿನ ಹಲಗೆಯ ಮೇಲೆ ಎಮೆರಿ ಕಾಗದ ಹಾಸಿ, ತಲೆಯನ್ನು ಅದರ ಮೇಲೆ ಎಂಟರ ಆಕಾರದಲ್ಲಿ ಉಜ್ಜಿ ಸಮಮಾಡುವವರೂ ಇದ್ದರು. ಅದಕ್ಕಿಂತ ಹೆಚ್ಚಾದರೆ, ಯಂತ್ರದಲ್ಲಿ ಮುಖವನ್ನು ಹೆರೆದು ಸಮಮಾಡುವ ಫೇಸಿಂಗ್ ಮಾಡಿಸದೆ ವಿಧಿಯಿಲ್ಲ. ಆಗ ತಲೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ಖರಾದಿನ, ಎಂದರೆ ಲೇತ್ ಯಂತ್ರದ, ಅಂಗಡಿಗೆ ಒಯ್ಯಬೇಕಾಗುತ್ತಿತ್ತು.

ಇಲ್ಲಿಂದ ಕತೆ ಬಡಾವಣೆಯನ್ನು ದಾಟಿ ಮಿಸ್ತ್ರಿಯ ಬಳಿಗೆ ಹೋಗುತ್ತದೆ. 1947ರ ವಿಭಜನೆಯ ಮಹಾಪ್ರವಾಹದಲ್ಲಿ ಪಶ್ಚಿಮ ಪಂಜಾಬಿನಿಂದ ದೆಹಲಿಗೆ ಬಂದ ಲಕ್ಷಾಂತರ ಜನರಲ್ಲಿ ಲಾರಿ, ಬಸ್ಸು, ವರ್ಕ್‌ಶಾಪುಗಳ ಕಸುಬನ್ನು ಬಲ್ಲವರು ಅನೇಕರಿದ್ದರು. ಆಸ್ತಿಯನ್ನೆಲ್ಲ ಬಿಟ್ಟು ಬಂದವರಿಗೆ ಕೈಯಲ್ಲಿದ್ದ ವಿದ್ಯೆಯೊಂದೇ ಬಂಡವಾಳ. ಕಶ್ಮೀರಿ ಗೇಟು ಮೋರಿ ಗೇಟುಗಳ ಆಸುಪಾಸಿನ ಮೋಟಾರು ಬಿಡಿಭಾಗಗಳ ಪೇಟೆ ದೇಶದ ದೊಡ್ಡ ಪೇಟೆಗಳಲ್ಲೊಂದಾಗಿ ಬೆಳೆದುದರಲ್ಲಿ ಅವರ ಪಾಲು ದೊಡ್ಡದು. ಕಿದ್ವಾಯಿ ನಗರದ ಗೃಹಸ್ಥನು ಬಸ್ಸು ಹಿಡಿದು ಅಲ್ಲಿಗೆ ಹೋಗಿ, ಹಳೆಯ ಗ್ಯಾಸ್ಕೆಟ್ಟನ್ನು ಮಾದರಿಗಾಗಿ ಪತ್ರಿಕೆಯಲ್ಲಿ ಸುತ್ತಿ ಕಂಕುಳಲ್ಲಿ ಹಿಡಿದು, ಗಲ್ಲಿಯಿಂದ ಗಲ್ಲಿಗೆ ಅಲೆಯುತ್ತಿದ್ದನು. ಅಂಗಡಿಯ ಸರ್ದಾರ್‌ಜಿ ಅವನನ್ನು ಮದರಾಸಿ ಬಾಬು ಎಂದೇ ಕರೆದರೂ, ತಲೆಯನ್ನು ಸ್ವತಃ ಬಿಚ್ಚಿದ್ದಾನೆಂದು ತಿಳಿದೊಡನೆ ಒಳಗೆ ಕೂರಿಸಿ, ಚಹಾ ತರಿಸಿ, ಗ್ಯಾಸ್ಕೆಟ್ಟಿನ ಯಾವ ಮುಖ ಮೇಲಿರಬೇಕು, ನೀರಿನ ತೂತುಗಳು ಹೊಂದುತ್ತವೆಯೇ ಎಂಬುದನ್ನೆಲ್ಲ ತೋರಿಸಿ ಕಳುಹಿಸುತ್ತಿದ್ದನು. ಹೊಸದು ಸಿಗದ ವರ್ಷಗಳಲ್ಲಿ, ಬರಿ ತಾಮ್ರದಿಂದಲೇ ಕತ್ತರಿಸಿದ ಗ್ಯಾಸ್ಕೆಟ್ಟಾದರೆ, ಅಂಗೀಠಿಯ ಕೆಂಡದ ಮೇಲೆ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿ, ಅದರ ಗಡಸನ್ನು ಕಳೆದು, ಮತ್ತೆ ಬಳಸುವ ರಹಸ್ಯವನ್ನು ಹೇಳಿಕೊಟ್ಟವರೂ ಇಂಥ ಉಸ್ತಾದರೇ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬಿಗಿಯುವ ಕಾರ್ಯ. ಸಡಿಲಿಸುವಾಗಿನ ಕ್ರಮಕ್ಕೆ ಇದು ವಿಲೋಮ: ನಡುವಿನಿಂದ ಆರಂಭಿಸಿ ಎರಡೂ ಕಡೆಗೆ ಸುತ್ತುತ್ತ, ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ, ಎರಡು ಮೂರು ಸುತ್ತುಗಳಲ್ಲಿ ಬಿಗಿತವನ್ನು ಏರಿಸಬೇಕು, ಹಾಗಾದರೆ ಮಾತ್ರ ಹಾಳೆ ನಡುವಿನಿಂದ ಅಂಚಿಗೆ ಸಮನಾಗಿ ಚಪ್ಪಟೆಯಾಗುತ್ತದೆ. ಬಿಗಿತವನ್ನು ಅಳೆಯುವ ಟಾರ್ಕ್ ವ್ರೆಂಚು ಇಡೀ ಬಡಾವಣೆಯಲ್ಲಿ ಅಪೂರ್ವ ವಸ್ತು. ಅದು ಉಳ್ಳವರ ಮನೆಗೆ ಎರಡನೆಯ ಶನಿವಾರಗಳಲ್ಲಿ ಯಾಚಕರು ತಪ್ಪುತ್ತಿರಲಿಲ್ಲ. ಇಲ್ಲದವರು ಒಂದೇ ಉದ್ದದ ಸ್ಪ್ಯಾನರನ್ನು ಒಂದೇ ಜಾಗದಲ್ಲಿ ಹಿಡಿದು, ತೋಳಿನ ಸ್ಮೃತಿಯನ್ನೇ ಮಾಪಕವಾಗಿ ಮಾಡಿಕೊಂಡರು. ಐನೂರು ಮೈಲಿ ಓಡಿದ ಮೇಲೆ ಮತ್ತೊಮ್ಮೆ ಬಿಗಿದು ಟ್ಯಾಪೆಟ್ಟಿನ ಅಂತರವನ್ನು ಸರಿಪಡಿಸಿದರೆ ವ್ರತ ಪೂರ್ಣ.

ಕರ್ನಾಟಕದಿಂದ ದೆಹಲಿಗೆ ಹೋಗಿ ಇಂಥ ಸರ್ಕಾರಿ ವಸತಿಗಳಲ್ಲಿ ನೆಲೆಸಿದ ಕುಟುಂಬಗಳ ಪಾಲಿಗೆ ಇದರ ಅರ್ಥವೇನಾಗಿತ್ತೆಂಬುದೇ ನನ್ನನ್ನು ಹೆಚ್ಚಾಗಿ ಕಾಡಿದ ಪ್ರಶ್ನೆ. ಮಕ್ಕಳನ್ನು ಲೋದಿ ಎಸ್ಟೇಟಿನ ಕನ್ನಡ ಶಾಲೆಗೆ ಕಳುಹಿಸಿ, ಐ.ಎನ್.ಎ. ಮಾರುಕಟ್ಟೆಯಲ್ಲಿ ನುಗ್ಗೆಕಾಯಿ ಕರಿಬೇವುಗಳನ್ನು ಹುಡುಕಿ ತಂದು, ಕರ್ನಾಟಕ ಸಂಘದ ನಾಟಕ ಸಂಗೀತಗಳಲ್ಲಿ ನಾಡನ್ನು ಕಂಡುಕೊಳ್ಳುತ್ತಿದ್ದ ಈ ಗೃಹಸ್ಥರಲ್ಲಿ ಬಹುಮಂದಿ ಶಾನುಭೋಗಿಕೆ, ಉಪಾಧ್ಯಾಯ ವೃತ್ತಿ, ವಕಾಲತ್ತುಗಳ ಮನೆತನಗಳಿಂದ ಬಂದವರು. ಅವರ ತಂದೆತಾತಂದಿರು ಉಪಕರಣವೆಂದು ಹಿಡಿದಿದ್ದರೆ ಅದು ಲೇಖನಿ. ಕೈ ಮಸಿಯಾಗುವ ಕೆಲಸ ಪರರದೆಂಬ ಭಾವನೆ, ಅವರು ಬಯಸಿ ಪಡೆದುದಲ್ಲದಿದ್ದರೂ, ರಕ್ತಗತವಾಗಿ ಬಂದಿತ್ತು. ಊರಿನಲ್ಲಿದ್ದಿದ್ದರೆ ನೆಂಟರಿಷ್ಟರ ಕಣ್ಣಿನ ಅಂಜಿಕೆಯಿಂದ ಅವರು ಎಂದಿಗೂ ಕಾರಿನ ಕೆಳಗೆ ಮಲಗುತ್ತಿರಲಿಲ್ಲ. ಪರಸ್ಥಳದ ಅಪರಿಚಿತತ್ವವೂ ಜೇಬಿನ ಕೊರತೆಯೂ ಕೂಡಿ ಅವರನ್ನು ಆ ಅಂಜಿಕೆಯಿಂದ ಬಿಡಿಸಿದವು. ಕಡತದ ಮೇಲೆ ಟಿಪ್ಪಣಿ ಬರೆಯುವವನಿಗೆ ತನ್ನ ಬರಹ ಸರಿಯೋ ತಪ್ಪೋ ಎಂಬುದು ವರ್ಷಗಳಾದರೂ ತಿಳಿಯದಿರಬಹುದು; ಗ್ಯಾಸ್ಕೆಟ್ಟನ್ನು ತಿರುವುಮುರುವಾಗಿ ಇಟ್ಟವನಿಗೆ ಅದು ಹತ್ತು ನಿಮಿಷಗಳಲ್ಲಿ ತಿಳಿಯುತ್ತದೆ. ಇಂಥ ನಿಷ್ಠುರವಾದ ಗುರುವಿನ ಕೈಕೆಳಗೆ ಕಲಿತ ಮೇಲೆ, ರಸ್ತೆಬದಿಯ ಮಿಸ್ತ್ರಿಯನ್ನು ಏಕವಚನದಲ್ಲಿ ಕೂಗುವುದು ಎಷ್ಟೋ ಜನರಿಗೆ ಸಾಧ್ಯವಾಗಲಿಲ್ಲ. ಈ ಗೌರವವೇ ಆ ಶನಿವಾರ ಭಾನುವಾರಗಳು ಗಳಿಸಿಕೊಟ್ಟ ನಿಜವಾದ ಲಾಭವೆಂದು ನನ್ನ ದೃಢವಾದ ಅಭಿಪ್ರಾಯ. ಉಳಿದ ರೂಪಾಯಿಗಳ ಲೆಕ್ಕ ಅದರ ಮುಂದೆ ಗೌಣ.

ಆದರೆ ಈ ಸ್ಮರಣೆಯಲ್ಲಿ ಒಂದು ಕಹಿಯನ್ನು ಮುಚ್ಚಿಡುವುದು ಅಧರ್ಮವಾದೀತು. ಕೆರೆದು ಬಿಸಾಡಿದ ಆ ಹಳೆಯ ಗ್ಯಾಸ್ಕೆಟ್ಟುಗಳ ಒಡಲಲ್ಲಿದ್ದುದು ಅಸ್ಬೆಸ್ಟಾಸ್. ಅದರ ಸೂಕ್ಷ್ಮ ತಂತುಗಳನ್ನು ಉಸಿರಿನೊಡನೆ ಸೇವಿಸಿದರೆ ಶ್ವಾಸಕೋಶ ಗಡಸಾಗುವುದೆಂಬುದೂ, ಹಲವು ದಶಕಗಳ ಅನಂತರ ಅರ್ಬುದರೋಗ ತಲೆದೋರಬಹುದೆಂಬುದೂ ವೈದ್ಯಶಾಸ್ತ್ರ ಸ್ಥಿರಪಡಿಸಿರುವ ಸತ್ಯ. ಅಸ್ಬೆಸ್ಟಾಸ್ ಉದ್ಯಮದ ಕಾರ್ಮಿಕರ ಆರೋಗ್ಯರಕ್ಷಣೆಯನ್ನು ಸಂವಿಧಾನದತ್ತವಾದ ಜೀವಿಸುವ ಹಕ್ಕಿನೊಳಗೇ ಸೇರಿಸಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದು 1995ರಲ್ಲಿ. ವರ್ಷಕ್ಕೊಮ್ಮೆ ಒಂದು ಹಾಳೆಯನ್ನು ಕೆರೆಯುತ್ತಿದ್ದ ಗೃಹಸ್ಥನಿಗೆ ಒದಗಿದ ಅಪಾಯ ಅಲ್ಪವಿದ್ದೀತು. ದಿನವಿಡೀ ಗ್ಯಾಸ್ಕೆಟ್ಟನ್ನೂ ಬ್ರೇಕಿನ ಲೈನಿಂಗನ್ನೂ ಕೆರೆದು, ಆ ಧೂಳನ್ನು ಬಾಯಿಂದಲೇ ಊದಿ ಹಾರಿಸುತ್ತಿದ್ದ ಮಿಸ್ತ್ರಿಯ ಮತ್ತು ಅವನ ಕೈಕೆಳಗಿನ ಹುಡುಗರ ಉಸಿರಿನ ಲೆಕ್ಕವನ್ನು ಯಾರೂ ಇಡಲಿಲ್ಲ. ಇಂದಿಗೂ ಹಳೆಯ ಎಂಜಿನ್ನನ್ನು ಬಿಚ್ಚುವವರು ಆ ಮುಖಗಳನ್ನು ಒಣದಾಗಿ ಕೆರೆಯದೆ, ಎಣ್ಣೆಯಿಂದಲೋ ನೀರಿನಿಂದಲೋ ತೋಯಿಸಿ, ಮೂಗುಬಾಯಿಗೆ ತಕ್ಕ ರಕ್ಷೆ ಧರಿಸಿಯೇ ಕೆಲಸಮಾಡಬೇಕು.

1983ರ ಡಿಸೆಂಬರ್ 14ರಂದು ಮಾರುತಿ 800 ಕಾರಿನ ಮೊದಲ ಕೀಲಿಕೈಯನ್ನು ಇಂದಿರಾ ಗಾಂಧಿಯವರು ದೆಹಲಿಯ ಒಬ್ಬ ಸಾಮಾನ್ಯ ನೌಕರನಿಗೆ ಹಸ್ತಾಂತರಿಸಿದ ದಿನದಿಂದ ಈ ವಿದ್ಯೆಯ ಇಳಿಗಾಲ ಆರಂಭವಾಯಿತೆನ್ನಬಹುದು. ಗುಡಗಾಂವಿನಿಂದ ಹೊರಟ ಆ ಪುಟ್ಟ ಕಾರಿನ ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ನಿನಲ್ಲಿ ಪುಷ್‌ರಾಡುಗಳೇ ಇರಲಿಲ್ಲ. ಕ್ಯಾಮ್ ದಂಡ ತಲೆಯ ಮೇಲೆಯೇ ಕೂತು, ಹಲ್ಲಿನ ಪಟ್ಟಿಯೊಂದರಿಂದ ತಿರುಗುತ್ತಿದ್ದಿತು. ಅದು ಕೆಡುತ್ತಿದ್ದುದೂ ಅಪರೂಪ. ಮುಂದಿನ ಕಾಲದ ಕಾರುಗಳಲ್ಲಿ ತಾಮ್ರ ಅಸ್ಬೆಸ್ಟಾಸುಗಳ ಸ್ಥಾನಕ್ಕೆ ಪದರ ಪದರವಾದ ಉಕ್ಕಿನ ಗ್ಯಾಸ್ಕೆಟ್ಟು ಬಂದಿತು. ಅದಕ್ಕೆ ಕನ್ನಡಿಯಂಥ ಲೋಹಮುಖವೂ, ಒಂದೇ ಸಲ ಬಳಸಿ ಬಿಡುವ ಬೋಲ್ಟುಗಳೂ, ಕೋನವನ್ನಳೆದು ಬಿಗಿಯುವ ಉಪಕರಣವೂ ಬೇಕು. ಗಾಜಿನ ಹಲಗೆಗೂ ತೋಳಿನ ಸ್ಮೃತಿಗೂ ಅಲ್ಲಿ ಎಡೆಯಿಲ್ಲ. ಇದನ್ನು ನಾನು ದೂಷಿಸಲಾರೆ. ಕುದಿಯದ ಎಂಜಿನ್ನು ಕುದಿಯುವ ಎಂಜಿನ್ನಿಗಿಂತ ಮೇಲೆಂಬುದರಲ್ಲಿ ಸಂದೇಹವೇನು? ಮೋಟಾರು ಕಾರ್ ಮುಂಗಡವೂ ಏಳನೆಯ ವೇತನ ಆಯೋಗದ ಶಿಫಾರಸಿನ ಮೇರೆಗೆ ನಿಂತುಹೋಯಿತು. ಬ್ಯಾಂಕುಗಳೇ ಸಾಲ ಹಿಡಿದು ಕರೆಯುವ ಕಾಲದಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ.

ಅಂಗಳವೂ ಹೋಯಿತು. ಪೂರ್ವ ಕಿದ್ವಾಯಿ ನಗರದ ಹಳೆಯ ಎರಡಂತಸ್ತಿನ ಮನೆಗಳನ್ನು ಕೆಡವಿ, ಸುಮಾರು 86 ಎಕರೆ ನೆಲದಲ್ಲಿ 4,600ಕ್ಕೂ ಮಿಕ್ಕ ಮನೆಗಳುಳ್ಳ ಎತ್ತರದ ಸೌಧಗಳನ್ನು ಕಳೆದ ದಶಕದಲ್ಲಿ ಎನ್.ಬಿ.ಸಿ.ಸಿ. ಎಂಬ ಸರ್ಕಾರಿ ನಿರ್ಮಾಣ ಸಂಸ್ಥೆ ಕಟ್ಟಿದೆ. ಕಾರುಗಳು ಈಗ ನೆಲಮಾಳಿಗೆಯಲ್ಲಿ ನಿಲ್ಲುತ್ತವೆ. ಅಲ್ಲಿ ನೀರನ್ನು ಇಳಿಸುವಂತಿಲ್ಲ, ಸೀಮೆಎಣ್ಣೆ ಹರಡುವಂತಿಲ್ಲ, ಚಾರ್‌ಪಾಯಿಯನ್ನಂತೂ ಹಾಕುವಂತಿಲ್ಲ. ಮತ್ತು ಎಂಜಿನ್ನಿನ ತಲೆಯನ್ನೆತ್ತಲು ಕೈಗೂಡಿಸುವ ನೆರೆಯವರು ಅಲ್ಲಿ ಹಾದುಹೋಗುವುದೂ ಇಲ್ಲ. ಇತ್ತ ವಾಯುಮಾಲಿನ್ಯದ ಕಾರಣದಿಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014ರಲ್ಲಿ 15 ವರ್ಷ ಮೀರಿದ ವಾಹನಗಳಿಗೆ ದೆಹಲಿಯ ರಸ್ತೆಗಳನ್ನು ನಿಷೇಧಿಸಿತು; 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳು ರಾಜಧಾನಿ ಪ್ರದೇಶದಲ್ಲಿ ಓಡಕೂಡದೆಂದು ಆಜ್ಞಾಪಿಸಿತು; ಆ ನಿಯಮವನ್ನು ಯಾರಿಗೆ ಹೇಗೆ ಅನ್ವಯಿಸಬೇಕೆಂಬ ವಾದವಿವಾದ ಆಮೇಲೂ ನಡೆದೇ ಇದೆ. 50 ವರ್ಷ ಮೀರಿದವುಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು 2021ರ ನಿಯಮಗಳು ಕಲ್ಪಿಸಿವೆ, ಆದರೆ ಎಂಬತ್ತರ ದಶಕದ ಪದ್ಮಿನಿಗೆ ಆ ವಯಸ್ಸು ಇನ್ನೂ ತುಂಬಬೇಕು. ಹೀಗಾಗಿ ಹಳೆಯ ಕಾರುಗಳಲ್ಲಿ ಕೆಲವು ಗುಜರಿಗೆ ಸಂದವು. ಕೆಲವು ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯಗಳಿಗೆ ಹೋದವು.

ಕಾರಿನ ಹಿಂದೆಯೇ ಒಡೆಯರೂ ನಿವೃತ್ತರಾಗಿ ಬೆಂಗಳೂರು, ಮೈಸೂರು, ಧಾರವಾಡಗಳಿಗೆ ಬಂದು ನೆಲೆಸಿದ್ದಾರೆ. ಅವರಲ್ಲಿ ಹಿರಿಯರು ಈಗ ಎಂಬತ್ತನ್ನು ದಾಟಿದವರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದರೆ ಅಂಬಾಸಡರಿನ ಗ್ಯಾಸ್ಕೆಟ್ಟು ಇನ್ನೂ ದೊರೆಯಬಹುದು. ದೊರೆಯದಿರುವುದು ಅವರ ಅನುಭವದ ಲಿಖಿತ ರೂಪ. ಯಾವ ವರ್ಷ ಯಾವ ಕಾರು ಯಾರಿಂದ ಎಷ್ಟಕ್ಕೆ ಬಂದಿತು, ತಲೆಯನ್ನು ಎಲ್ಲಿ ಫೇಸಿಂಗ್ ಮಾಡಿಸಿದರು, ಯಾವ ಉಸ್ತಾದ ಏನನ್ನು ಕಲಿಸಿದ, ಮನೆಯವರು ಏನೆಂದರು, ಖರ್ಚಿನ ಪುಸ್ತಕದಲ್ಲಿ ಏನು ಬರೆದಿದೆ, ಇವನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ದೆಹಲಿಯ ಕನ್ನಡ ಸಂಸ್ಥೆಗಳೂ ನಮ್ಮ ವಿಶ್ವವಿದ್ಯಾನಿಲಯಗಳ ಇತಿಹಾಸ ವಿಭಾಗಗಳೂ ಕೈಗೊಳ್ಳಬೇಕು. ಅದಕ್ಕೆ ದೊಡ್ಡ ಅನುದಾನ ಬೇಕಾಗಿಲ್ಲ. ಒಂದು ಧ್ವನಿಮುದ್ರಣ ಯಂತ್ರವೂ, ಸ್ಪ್ಯಾನರಿನ ಅಳತೆಗಳನ್ನು ತಪ್ಪಿಲ್ಲದೆ ಬರೆದುಕೊಳ್ಳಬಲ್ಲ ಒಬ್ಬ ವಿದ್ಯಾರ್ಥಿಯೂ ಇದ್ದರೆ ಈ ವರ್ಷವೇ ಆರಂಭಿಸಬಹುದು.